ಪಾಖೆಲ್‌ಬೆಲ್ ಕ್ಯಾನನ್: ಮಕ್ಕಳ ರೆಕಾರ್ಡರ್ ತಂಡಕ್ಕೆ ಹೊಂದಿಸುವುದು ಹೇಗೆ?

ಯೋಹಾನ್ ಪಾಖೆಲ್‌ಬೆಲ್ (1653–1706) ಈ ಕ್ಯಾನನ್ ಬರೆದಿದ್ದು ಮೂರು ವಯಲಿನ್ ಮತ್ತು ಬಾಸ್‌ಗೆ (ಕೆಳಸ್ಥಾಯಿಯ ಸಾಲು). ಒಂದು ವಯಲಿನ್ ನುಡಿಸಿದ್ದನ್ನೇ ಎರಡು ಬಾರ್ (ತಾಳದ ಆವರ್ತ) ಬಿಟ್ಟು ಮುಂದಿನದು ಶುರು ಮಾಡುತ್ತದೆ. ಬಾಸ್ ಎಂಟೇ ಸ್ವರಗಳನ್ನು 28 ಸಲ ನುಡಿಸುತ್ತದೆ; ಒಂದೊಂದು ಸಲವೂ ಒಂದು ಸುತ್ತು. ಒಂದೇ ಪಾಠ ಎಲ್ಲರಿಗೂ ಆಗುತ್ತದೆ. ಶಾಲೆಯ ರೆಕಾರ್ಡರ್ (ಕೊಳಲಿನಂತೆ ಊದುವ ವಾದ್ಯ) ತಂಡಕ್ಕೆ ಇದಕ್ಕಿಂತ ಒಳ್ಳೆಯ ಕೃತಿ ಸಿಗುವುದು ಕಷ್ಟ.

ಮೊದಲು ಕೀ (ಕೃತಿಯ ಆಧಾರ ಸ್ವರ) ಆರಿಸಿ. ಮೂಲ ಇರುವುದು ಡಿ ಮೇಜರ್‌ನಲ್ಲಿ. ಸುಲಭ ಅಂತ ಸುಮ್ನೆ ಸಿ ಮೇಜರ್‌ಗೆ ಇಳಿಸಬೇಡಿ. ಬಾಸ್ ರೆಕಾರ್ಡರ್‌ನ ಅತಿ ಕೆಳಗಿನ ಸ್ವರ ಎಫ್. ಸಿ ಮೇಜರ್‌ನಲ್ಲಿ ಬಾಸ್ ಸಾಲು ಅದಕ್ಕಿಂತ ಕೆಳಗಿಳಿಯುತ್ತದೆ. ಒಂದು ಸ್ಥಾಯಿ ಮೇಲೆತ್ತಿದರೆ ಮೇಲಿನ ದನಿಗಳಿಗೆ ಡಿಕ್ಕಿ ಹೊಡೆಯುತ್ತದೆ. ಎಫ್ ಮೇಜರ್‌ಗೆ ಏರಿಸಿ ನೋಡಿ: ಎಫ್, ಸಿ, ಡಿ, ಎ, ಬಿ ಫ್ಲ್ಯಾಟ್, ಎಫ್, ಬಿ ಫ್ಲ್ಯಾಟ್, ಸಿ. ಮೇಲಿನ ಎಫ್‌ನಿಂದ ಕೆಳಗಿನ ಎಫ್‌ವರೆಗೆ ಅಳತೆ ತೆಗೆದ ಹಾಗೆ ಕೂರುತ್ತದೆ. ಬಾಸ್ ರೆಕಾರ್ಡರ್ ಇಲ್ವಾ? ಚೆಲ್ಲೋ ಅಥವಾ ಕೀಬೋರ್ಡ್ ಸಾಕು.

ಈಗ ರಾಗದ ಸಾಲು. ಮೊದಲ ಎಂಟು ಸ್ವರ ಎ, ಜಿ, ಎಫ್, ಇ, ಡಿ, ಸಿ, ಡಿ, ಇ. ಸೊಪ್ರಾನೊಗೆ (ಎತ್ತರದ ದನಿಯ ಚಿಕ್ಕ ರೆಕಾರ್ಡರ್) ಸರಿ. ಆದರೆ ಅದರ ಅತಿ ಕೆಳಗಿನ ಸಿ ನುಡಿಸಲು ಎಲ್ಲ ರಂಧ್ರ ಮುಚ್ಚಬೇಕು; ಪುಟ್ಟ ಬೆರಳು ಕೂದಲೆಳೆಯಷ್ಟು ಸರಿದರೂ ಕೀಚಲು ದನಿ ಬರುತ್ತದೆ. ಎರಡನೇ ಸುತ್ತು ಕೆಳಗಿನ ಜಿವರೆಗೆ ಇಳಿಯುತ್ತದೆ, ಅಲ್ಲಿಗೆ ಸೊಪ್ರಾನೊ ಎಟಕುವುದೇ ಇಲ್ಲ. ಆದ್ದರಿಂದ ಮೂರು ಆಲ್ಟೊ (ಸೊಪ್ರಾನೊಗಿಂತ ದೊಡ್ಡ, ಕೆಳದನಿಯ ರೆಕಾರ್ಡರ್) ಇದ್ದರೆ ಬಹಳ ಚೆನ್ನ. ಸೊಪ್ರಾನೊಗಳೇ ಜಾಸ್ತಿ ಇದ್ದರೆ ಮೇಲಿನ ಸುತ್ತುಗಳನ್ನು ಅವರಿಗೆ ಕೊಡಿ. ಮುಂದೆ ಆಲ್ಟೊಗೂ ಎಟಕದ ಜಾಗ ಬಂದಾಗ ಇಡೀ ಸುತ್ತನ್ನೇ ಒಂದು ಸ್ಥಾಯಿ ಮೇಲೆತ್ತಿ. ಒಂದೇ ಸ್ವರ ಎತ್ತಿದರೆ ರಾಗ ಮುರಿಯುತ್ತದೆ.

ವೇಗದ ಭಾಗಗಳಲ್ಲಿ ತಾಳದ ಪೆಟ್ಟಿಗೆ ಬೀಳುವ ಸ್ವರ ಉಳಿಸಿ, ಉಳಿದವನ್ನು ಧೈರ್ಯವಾಗಿ ತೆಗೆಯಿರಿ. 28 ಸುತ್ತೂ ಬೇಕಿಲ್ಲ, ಹತ್ತೋ ಹನ್ನೆರಡೋ ಇದ್ದರೆ ಸಾಕು.

ರೆಕಾರ್ಡರ್‌ನಲ್ಲಿ ಜೋರಾಗಿ ಊದಿದರೆ ಶ್ರುತಿ ಏರುತ್ತದೆ. ಹಾಗಾಗಿ ‘ಜೋರು’, ‘ಮೆಲ್ಲಗೆ’ ಅಂತ ಬರೆದು ಪ್ರಯೋಜನವಿಲ್ಲ. ಮೆಲ್ಲಗೆ ಬೇಕಾದ ಕಡೆ ಒಬ್ಬೊಬ್ಬರೇ, ತುಂಬು ನಾದ ಬೇಕಾದ ಕಡೆ ಎಲ್ಲರೂ ನುಡಿಸಲಿ.

ಕೊನೆಗೆ ಉಸಿರು. ಬಾಸ್‌ಗೆ ಎಲ್ಲೂ ಬಿಡುವಿಲ್ಲ. ಇಬ್ಬರನ್ನು ಹಾಕಿ, ಬೇರೆ ಬೇರೆ ಜಾಗದಲ್ಲಿ ಉಸಿರಿನ ಗುರುತು ಬರೆಯಿರಿ. ನೊಟೇಶನ್ (ಸ್ವರಲಿಪಿ ಬರೆಯುವ) ಸಾಫ್ಟ್‌ವೇರ್ ಉಸಿರಾಡದೆ ನುಡಿಸುತ್ತದೆ, ಅದನ್ನು ನಂಬಬೇಡಿ. ಪ್ರತಿ ಪಾರ್ಟನ್ನೂ ನೀವೇ ಹಾಡಿ ನೋಡಿ, ನಿಮಗೆ ಉಸಿರು ಕಟ್ಟಿದ ಕಡೆ ಒಂದು ಸ್ವರ ಮೊಟಕುಗೊಳಿಸಿ.