ಮರೆವಿನ ಕಾಯಿಲೆಯವರ ಸಕ್ಕರೆ, ಬಿಪಿ, ನೋವು: ಮನೆಯವರು ನೋಡಿಕೊಳ್ಳುವ ಬಗೆ

ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಬಹಳಷ್ಟು ಮಂದಿಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ದಮ್ಮು ಇವುಗಳಲ್ಲಿ ಒಂದೆರಡಾದರೂ ಮೊದಲಿನಿಂದ ಇದ್ದೇ ಇರುತ್ತವೆ. ಹಿಂದೆ ತಲೆ ಸುತ್ತಿದರೆ ಅವರೇ ಹೇಳುತ್ತಿದ್ದರು, ಮಾತ್ರೆ ಮುಗಿದರೆ ಅವರೇ ತರಿಸುತ್ತಿದ್ದರು. ಮರೆವು ಹೆಚ್ಚಿದಂತೆ ಅದು ನಿಲ್ಲುತ್ತದೆ. ಆಗ ಲಕ್ಷಣಗಳನ್ನು ಗುರುತಿಸಿ ವೈದ್ಯರಿಗೆ ಮುಟ್ಟಿಸುವ ಹೊಣೆ ಮನೆಯವರದಾಗುತ್ತದೆ.

ಮೊದಲು ಔಷಧಗಳ ಲೆಕ್ಕ ಹಿಡಿಯಿರಿ. ಹೃದಯಕ್ಕೆ ಶಿವಮೊಗ್ಗದ ಒಬ್ಬ ವೈದ್ಯರು, ಮೂಳೆಗೆ ಇನ್ನೊಬ್ಬರು, ಜ್ವರ ನೆಗಡಿಗೆ ಊರಿನ ಡಾಕ್ಟರು ಎಂದು ಹಂಚಿಹೋದ ಚಿಕಿತ್ಸೆಯಲ್ಲಿ ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡಿದವರು ಯಾರೂ ಇರುವುದಿಲ್ಲ. ಮನೆಯಲ್ಲಿರುವ ಮಾತ್ರೆ, ಸಿರಪ್, ಕಷಾಯದ ಪುಡಿ, ಮೆಡಿಕಲ್ ಶಾಪಿನಿಂದ ಕೇಳಿ ತಂದದ್ದು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮುಂದೆ ಸುರಿಯುವುದು ಒಳ್ಳೆಯದು. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವು ಗೊಂದಲವನ್ನು ಹೆಚ್ಚಿಸಬಲ್ಲವು. ಮರೆವಿಗೆ ಕೊಡುವ ಡೊನೆಪೆಜಿಲ್ ನಾಡಿಬಡಿತವನ್ನು ನಿಧಾನಗೊಳಿಸಬಹುದು. ಬಿಪಿಗೆಂದು ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಕೂಡ ನಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ನುಂಗಲು ಕಷ್ಟವೆಂದು ಮಾತ್ರೆಯನ್ನು ಪುಡಿ ಮಾಡುವ ಮೊದಲೂ ಕೇಳಿ, ಏಕೆಂದರೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ.

ಸಕ್ಕರೆ ಕಾಯಿಲೆಯಲ್ಲಿ ಹೆಚ್ಚು ಹೆದರಬೇಕಾದದ್ದು ಸಕ್ಕರೆ ಇಳಿಯುವುದಕ್ಕೆ. ಊಟ ಮಾಡಿದ್ದು ಮರೆತು ಮತ್ತೆ ಕೇಳುವವರಿರುವಂತೆ, ತಟ್ಟೆಯ ಮುಂದೆ ಕೂತು ಎರಡು ತುತ್ತಿಗೇ ಎದ್ದುಬಿಡುವವರೂ ಇದ್ದಾರೆ. ಇನ್ಸುಲಿನ್ ಚುಚ್ಚಿದ ಮೇಲೆ, ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗಿಸಿದ ಮೇಲೆ ಹೀಗಾದರೆ ಅಪಾಯ. ಬೆವರು, ನಡುಕ, ಮಂಪರು, ಇದ್ದಕ್ಕಿದ್ದಂತೆ ರೇಗುವುದು ಕಂಡರೆ ‘ಅರಳು ಮರಳು’ ಎಂದು ಸುಮ್ಮನಾಗದೆ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ಇಳಿದ ಸಕ್ಕರೆ ಸುಧಾರಿಸಿದಂತೆ ಕಂಡರೂ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದಾದ್ದರಿಂದ ಆಸ್ಪತ್ರೆಗೆ ತೋರಿಸಬೇಕು. ಮರೆವು ಮುಂದುವರಿದವರಿಗೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿಯನ್ನು 7ರ ಕೆಳಗೆ ತರಲೇಬೇಕೆಂಬ ಹಟ ಬೇಕಿಲ್ಲ, 8ರಿಂದ 8.5ರವರೆಗೆ ಇರಲಿ ಎಂದು ವೈದ್ಯರು ಸಡಿಲಿಸುವುದುಂಟು. ಈ ಮಾತನ್ನು ನೀವೇ ಕೇಳಿ, ಅವರಾಗಿಯೇ ಹೇಳಲಿ ಎಂದು ಕಾಯಬೇಡಿ.

ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷದ ನಂತರ ಮತ್ತೊಮ್ಮೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿದೆ. ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸಬೇಕು. ಉಪ್ಪು ಕಡಿಮೆ ಮಾಡಿ ಎಂದರೆ ಮಲೆನಾಡಿನಲ್ಲಿ ಮೊದಲು ತೆಗೆದಿಡಬೇಕಾದದ್ದು ಅಪ್ಪೆಮಿಡಿಯ ಭರಣಿ. ಆದರೆ ಗಂಜಿಯ ಜೊತೆ ಒಂದು ಚೂರು ಮಿಡಿ ಇದ್ದರೆ ಮಾತ್ರ ಉಣ್ಣುವವರಿಗೆ ಅದನ್ನೂ ಕಿತ್ತುಕೊಂಡು ಉಪವಾಸ ಕೆಡವುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ನೋವು ಮಾತಿನಲ್ಲಿ ಹೊರಬರುವುದಿಲ್ಲ, ನಡವಳಿಕೆಯಲ್ಲಿ ಬರುತ್ತದೆ. ಬಚ್ಚಲಿಗೆ ಕರೆದರೆ ಕೈ ಕೊಡವಿ ಬೈಯುವ ಅಜ್ಜಿಯ ರವಿಕೆ ತೆಗೆಯುವಾಗ ಮುಖ ನೋಡಿ. ತೋಳೆತ್ತಿದೊಡನೆ ಹುಬ್ಬು ಗಂಟಿಕ್ಕಿದರೆ ಅದು ಹಟವಲ್ಲ, ಭುಜದ ಕೀಲುನೋವು ಇರಬಹುದು. ವೈದ್ಯರು ಒಪ್ಪಿದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಟ್ಟು ನೋಡಬಹುದು.

ಮರೆವು ತಿಂಗಳುಗಟ್ಟಲೆಯಲ್ಲಿ ಹೆಚ್ಚುತ್ತದೆ. ನಿನ್ನೆ ಮಾತಾಡುತ್ತಿದ್ದವರು ಇವತ್ತು ಮಂಕಾಗಿ ಮಲಗಿದರೆ, ರಾತ್ರಿಯಿಡೀ ಬಡಬಡಿಸಿದರೆ, ಅದಕ್ಕೆ ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೀರು ಸಾಲದಿರುವುದು ಅಥವಾ ಹೊಸ ಔಷಧ ಕಾರಣವಿರಬಹುದು. ಮಳೆಗಾಲದಲ್ಲಿ ಬಾಯಾರಿಕೆ ಆಗುವುದೇ ಇಲ್ಲವೆಂದು ನೀರು ಬಿಡುವವರು ಬಹಳ. ಇಂಥ ದಿಢೀರ್ ಬದಲಾವಣೆ ಕಂಡ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತೀರ್ಥಹಳ್ಳಿ, ಹೊಸನಗರದ ಒಳಗಿನ ಒಂಟಿ ಮನೆಗಳವರು ಜೂನ್ ಹಿಡಿಯುವ ಮೊದಲೇ ಒಂದು ತಿಂಗಳ ಮಾತ್ರೆ ತಂದಿಡಲಿ. ಕರೆಂಟು ಹೋದಾಗ ಬಳಕೆಯಲ್ಲಿರುವ ಇನ್ಸುಲಿನ್ ಸೀಸೆ ಮನೆಯ ತಂಪಿನಲ್ಲಿ ಸಾಮಾನ್ಯವಾಗಿ 4 ವಾರ ಕೆಡುವುದಿಲ್ಲ. ಬಚ್ಚಲೊಲೆಯ ಹತ್ತಿರ ಮಾತ್ರ ಇಡಬಾರದು, ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು, ಅಲ್ಲಿಯವರೆಗೆ ರೋಗಿಯನ್ನು ಕರೆತರಲು ಯಾರ ಜೀಪು ಸಿಗುತ್ತದೆ ಎಂಬುದನ್ನು ಔಷಧಗಳ ಪಟ್ಟಿಯ ಕೆಳಗೇ ಬರೆದು ಬಾಗಿಲ ಹಿಂದೆ ಅಂಟಿಸಿಡಿ.