ಕ್ರೇಪ್ ಹರಿಯದೆ ಏಳಬೇಕಾ? ಹಿಟ್ಟನ್ನು ಒಂದು ಗಂಟೆ ಸುಮ್ನೆ ಬಿಡಿ

'ಮೊದಲ ಬ್ಲಿನ್ ಮುದ್ದೆ' ಅಂತ ರಷ್ಯನ್ನರಲ್ಲಿ ಒಂದು ಗಾದೆ ಇದೆ. ಬ್ಲಿನ್ ಅಂದರೆ ಅವರ ತೆಳು ಪ್ಯಾನ್‌ಕೇಕ್. ಗಾದೆ ನಿಜ. ಕಾವಲಿಯ ಕಾವು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಬೆಣ್ಣೆಯೂ ಜಾಸ್ತಿ ಬಿದ್ದಿರುತ್ತದೆ. ಹಾಗಾಗಿ ಮೊದಲನೆಯದು ಕೆಟ್ಟರೆ ಬೇಜಾರಾಗಬೇಡಿ. ಒಲೆಯ ಪಕ್ಕದಲ್ಲೇ ನಿಂತು ತಿಂದುಬಿಡಿ, ಯಾರಿಗೂ ಗೊತ್ತಾಗಲ್ಲ.

ಕಲಿಯುವುದಕ್ಕೆ ಫ್ರಾನ್ಸಿನ ತೆಳು ಪ್ಯಾನ್‌ಕೇಕ್, ಅಂದರೆ ಕ್ರೇಪ್, ಒಳ್ಳೆಯದು. 250 ಗ್ರಾಂ ಮೈದಾ, 3 ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು ಬೇಕು. ಮೈದಾ ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ. ಹಾಲನ್ನು ಒಟ್ಟಿಗೇ ಸುರಿಯಬೇಡಿ. ಮೊದಲು ಸ್ವಲ್ಪ ಹಾಕಿ ಗಟ್ಟಿಯಾಗಿ ಕಲಸಿ. ಗಂಟು ಒಡೆಯುವುದು ಹಿಟ್ಟು ಗಟ್ಟಿ ಇದ್ದಾಗಲೇ. ಆಮೇಲೆ ಉಳಿದ ಹಾಲು, ಬೆಣ್ಣೆ ಸೇರಿಸಿ ತೆಳು ಮಾಡಿ. ಹಾಲಿಗಿಂತ ಸ್ವಲ್ಪ ಮಂದ ಇದ್ದರೆ ಸಾಕು. ಆದರೂ ಗಂಟು ಉಳಿದರೆ ಜರಡಿ ಇದೆಯಲ್ವಾ, ಸೋಸಿ.

ಈಗ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಕಲಸುವಾಗ ಮೈದಾದ ಗ್ಲುಟೆನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್, ಬಿಗಿಯಾಗಿರುತ್ತದೆ. ತಕ್ಷಣ ಹುಯ್ದರೆ ಕ್ರೇಪ್ ರಬ್ಬರಿನಂತಾಗುತ್ತದೆ. ಸುಮ್ನೆ ಬಿಟ್ಟರೆ ಬಿಗಿ ಸಡಿಲುತ್ತದೆ, ಹಿಟ್ಟು ನೀರು ಕುಡಿಯುತ್ತದೆ, ಗುಳ್ಳೆಗಳೂ ಹೋಗುತ್ತವೆ.

ಕಾವಲಿ ಮಧ್ಯಮ ಉರಿಯಲ್ಲಿರಲಿ. ನೀರು ಚಿಮುಕಿಸಿದರೆ ಚುರ್ ಅನ್ನಬೇಕು. ಬೆಣ್ಣೆ ಸವರಿ, ಜಾಸ್ತಿಯಾದದ್ದನ್ನು ಒರೆಸಿ. ಕಾವಲಿಯನ್ನು ಒಲೆಯಿಂದ ಎತ್ತಿ, ಒಂದು ಸಣ್ಣ ಸೌಟು ಹಿಟ್ಟು ಹುಯ್ದು, ಮಣಿಕಟ್ಟು ತಿರುಗಿಸುತ್ತಾ ಸುತ್ತಲೂ ಹರಿಸಿ. ಮಿಕ್ಕರೆ ಪಾತ್ರೆಗೇ ವಾಪಸ್ ಸುರಿಯಿರಿ. ಇನ್ನು ಕೈ ಹಾಕಬೇಡಿ. ಒಂದು ನಿಮಿಷಕ್ಕೆ ಅಂಚು ಕಂದಾಗಿ ತಾನೇ ಮೇಲೇಳುತ್ತದೆ. ಆಗ ಮಗುಚಿ, ಇನ್ನರ್ಧ ನಿಮಿಷ ಬಿಡಿ. ಫ್ರಾನ್ಸಿನಲ್ಲಿ ಫೆಬ್ರವರಿ 2ರ ಕ್ರೇಪ್ ಹಬ್ಬದಂದು ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ಗಾಳಿಯಲ್ಲಿ ಹಾರಿಸಿ ಮಗುಚುತ್ತಾರೆ. ಸರಿಯಾಗಿ ಬಿದ್ದರೆ ವರ್ಷವಿಡೀ ದುಡ್ಡಿಗೆ ತೊಂದರೆ ಇಲ್ಲವಂತೆ. ನಾನು ಹಾರಿಸಿದ್ದು ಒಲೆಯ ಹಿಂದೆ ಬಿತ್ತು.

ಹಂಗೇರಿಯ ಪಲಾಚಿಂತಾಕ್ಕೂ ಇದೇ ಹಿಟ್ಟು ನಡೆಯುತ್ತದೆ. ಹಾಲು ಸ್ವಲ್ಪ ಕಡಿಮೆ ಮಾಡಿ, ಹುಯ್ಯುವ ಹೊತ್ತಿಗೆ ಸೋಡಾ ನೀರು ಬೆರೆಸಿದರೆ ಹಗುರಾಗುತ್ತದೆ. ಆಸ್ಟ್ರಿಯಾದವರು ಪ್ಯಾನ್‌ಕೇಕನ್ನು ಸುರುಳಿ ಸುತ್ತಿ, ಎಳೆ ಎಳೆಯಾಗಿ ಕೊಯ್ದು, ಬಿಸಿ ಮಾಂಸದ ಸೂಪಿಗೆ ಹಾಕುತ್ತಾರೆ. ಉಳಿದದ್ದಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಗ್ಲುಟೆನ್ ಇಲ್ಲದ ಹಿಟ್ಟಿಗೆ ಬೇರೆ ಉಪಾಯ ಬೇಕು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಗ್ಯಾಲೆಟ್‌ಗೆ ಬಕ್‌ವೀಟ್ (ಹೆಸರಲ್ಲಿ 'ವೀಟ್' ಇದ್ದರೂ ಗೋಧಿಯಲ್ಲ) ಹಿಟ್ಟು, ನೀರು, ಉಪ್ಪು ಇದ್ದರೆ ಆಯಿತು. ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯ ಮೇಲೆ 'ಟಿ' ಆಕಾರದ ಮರದ ಕಡ್ಡಿಯಿಂದ ಹರಡುತ್ತಾರೆ. ಮೇಲೆ ಮೊಟ್ಟೆ, ಹ್ಯಾಮ್, ಚೀಸ್ ಹಾಕಿ, ನಾಲ್ಕೂ ಅಂಚು ಒಳಗೆ ಮಡಚುತ್ತಾರೆ. ವಿಯೆಟ್ನಾಮಿನ ಬಾನ್ ಸೆಯೋಗೆ ಅಕ್ಕಿ ಹಿಟ್ಟು, ಅರಿಸಿನ, ತೆಂಗಿನ ಹಾಲು. ಹಿಟ್ಟು ಎಣ್ಣೆಗೆ ಬಿದ್ದಾಗಿನ ಸದ್ದೇ 'ಸೆಯೋ'. ಸದ್ದು ಬರದಿದ್ದರೆ ಕಾವು ಸಾಲದು, ಗರಿಗರಿಯಾಗಲ್ಲ.

ಇಥಿಯೋಪಿಯಾದ ಇಂಜೆರಾಕ್ಕೆ ಮಾತ್ರ ತಾಳ್ಮೆ ಜಾಸ್ತಿ ಬೇಕು. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಬೇಕು. ಹುಯ್ಯುವಾಗ ಹೊರ ಅಂಚಿನಿಂದ ಸುತ್ತುತ್ತಾ ನಡುವಿಗೆ ಬನ್ನಿ. ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಮೂಡುತ್ತವೆ. ಆಗ ಮುಚ್ಚಳ ಮುಚ್ಚಿ ಆವಿಯಲ್ಲಿ ಬೇಯಿಸಿ, ಮಗುಚಬೇಡಿ. ಬಡಿಸುವುದು ಇದರ ಮೇಲೆಯೇ, ಬೇರೆ ತಟ್ಟೆ ಇಲ್ಲ. ಆ ಕಣ್ಣುಗಳು ಸಾರನ್ನೆಲ್ಲ ಹೀರಿಕೊಂಡಿರುತ್ತವೆ. ಹಾಗಾಗಿ ಊಟದಲ್ಲಿ ರುಚಿಯಾದ ತುತ್ತು ಎಂದರೆ ಕೊನೆಗೆ ತಿನ್ನುವ ಆ 'ತಟ್ಟೆ'.