ಅಮೆರಿಕದ ಚಾಸಿಯ ಮೇಲೆ ನಮ್ಮ ಡಬ್ಲ್ಯುಡಿಎಂ-2: ಎಚ್‌ಒ ಅಳತೆಯಲ್ಲಿ ಕಟ್ಟುವ ಬಗೆ

ಡಬ್ಲ್ಯುಡಿಎಂ-2 ನಮ್ಮ ರೈಲ್ವೆಯ ಡೀಸೆಲ್ ಎಂಜಿನ್, ಅದರ ಸಣ್ಣ ಮಾದರಿ ಕಟ್ಟುವ ಬಗೆ ಇದು. ಎಚ್‌ಒ ಅಂದರೆ ನಿಜದ ಅಳತೆಯ 87ನೇ ಒಂದು ಪಾಲು, 1:87. ಈ ಅಳತೆಯಲ್ಲಿ ಸಿಗುವ 16.5 ಮಿ.ಮೀ. ಹಳಿ ಅಮೆರಿಕ, ಯುರೋಪುಗಳ 1435 ಮಿ.ಮೀ. ಗೇಜಿಗೆ (ಎರಡು ಹಳಿಗಳ ನಡುವಿನ ಅಂತರಕ್ಕೆ) ಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. 16.5ರ ಹಳಿಯನ್ನೇ ಬ್ರಾಡ್‌ಗೇಜ್ ಎಂದು ಹಿಡಿದರೆ ಸ್ಕೇಲು ಸುಮಾರು 1:102 ಆಗುತ್ತದೆ, ಆ ಸ್ಕೇಲಿನಲ್ಲಿ ಅಂಗಡಿಯಲ್ಲಿ ಒಂದು ಬಫರ್ (ಎಂಜಿನ್ನಿನ ತುದಿಯಲ್ಲಿ ಧಕ್ಕೆ ತಡೆಯುವ ಗುಂಡು ತಲೆ) ಕೂಡ ಸಿಗುವುದಿಲ್ಲ. ಹಳಿ, ಪಾಯಿಂಟು (ಹಳಿ ಕವಲೊಡೆಯುವ ಜಾಗ), ಚಕ್ರ ಎಲ್ಲವನ್ನೂ ಕೈಯಿಂದ ಮಾಡುವ ತಯಾರಿ ಇದ್ದವರು 19.3ಕ್ಕೆ ಹೋಗಲಿ. ನಾನು 16.5ರಲ್ಲೇ ಉಳಿದು, ಆ 2.8 ಮಿ.ಮೀ. ಕೊರತೆ ಕಣ್ಣಿಗೆ ಬೀಳದಂತೆ ಕಟ್ಟುತ್ತೇನೆ. ಮುಂದಿನ ಬಹುಪಾಲು ನಿರ್ಧಾರಗಳು ಈ ಒಂದು ಲೆಕ್ಕದಿಂದಲೇ ಹುಟ್ಟುತ್ತವೆ.

ಎಂಜಿನ್ನಿನ ಅಳತೆಗಳನ್ನು ಮೊದಲು ಒಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಬಫರಿನಿಂದ ಬಫರಿಗೆ 17,120 ಮಿ.ಮೀ., ಮಾದರಿಯಲ್ಲಿ 196.8. ಬಫರ್ ಬಿಟ್ಟು ಬರೀ ಚೌಕಟ್ಟು 15,862, ಅಂದರೆ 182.3. ಅಗಲ 2,864, ಅಂದರೆ 32.9. ಹಳಿಯ ಮೇಲಿನಿಂದ ಎತ್ತರ 4,185, ಅಂದರೆ 48.1. ಮೊದಲ ಅಚ್ಚಿನಿಂದ ಕೊನೆಯ ಅಚ್ಚಿಗೆ 12,834, ಅಂದರೆ 147.5. ಹೊಸ ಚಕ್ರದ ವ್ಯಾಸ 1,092, ಅಂದರೆ 12.55. ಉಳಿದ ಸಣ್ಣ ಅಳತೆಗಳನ್ನು ಫೋಟೋದಿಂದ ತೆಗೆಯಬಹುದು. ಆದರೆ ಫೋಟೋ ದೂರದಿಂದ, ಜೂಮ್ ಹಾಕಿ, ಎಂಜಿನ್ನಿನ ನಡುಮಧ್ಯಕ್ಕೆ ನೇರವಾಗಿ ನಿಂತು ತೆಗೆದದ್ದಿರಬೇಕು. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ನಡುಭಾಗ ಉಬ್ಬಿ, ಎರಡೂ ತುದಿ ಕುಗ್ಗುತ್ತವೆ. ಫೋಟೋದ ಸ್ಕೇಲನ್ನು ಚಕ್ರದ ವ್ಯಾಸದ ಮೇಲೆ ಕಟ್ಟಬಾರದು, ಏಕೆಂದರೆ ಸವೆದ ಚಕ್ರ ಚಿಕ್ಕದಾಗಿರುತ್ತದೆ. ಅಚ್ಚುಗಳ ಅಂತರದ ಮೇಲೆ ಕಟ್ಟಿದರೆ ಲೆಕ್ಕ ತಪ್ಪುವುದಿಲ್ಲ.

ಚಾಸಿಗೆ, ಅಂದರೆ ಮೋಟರು, ಚಕ್ರಗಳಿರುವ ಕೆಳಭಾಗಕ್ಕೆ, ನಾನು ಹುಡುಕುವುದು ಆರು ಅಚ್ಚಿನ ಅಮೆರಿಕನ್ ಆಲ್ಕೊ ಮಾದರಿಯನ್ನು. ಅದರಲ್ಲೂ ಟ್ರೈಮೌಂಟ್ ಬೋಗಿ ಇರುವುದೇ ಆಗಬೇಕು. ಇಲ್ಲಿ ಬೋಗಿ ಅಂದರೆ ಪ್ರಯಾಣಿಕರ ಡಬ್ಬಿಯಲ್ಲ, ಎಂಜಿನ್ನಿನ ಕೆಳಗೆ ತಿರುಗುವ, ಮೂರು ಅಚ್ಚುಗಳ ಚಕ್ರದ ಚೌಕಟ್ಟು. ಡಬ್ಲ್ಯುಡಿಎಂ-2 ಹುಟ್ಟಿದ್ದೇ ಆಲ್ಕೊ ಕಂಪನಿಯ ಡಿಎಲ್560ಸಿ ವಿನ್ಯಾಸದಿಂದ, ಹಾಗಾಗಿ ಬೋಗಿ ಅದೇ ಕುಲದ್ದು. ಇದರ ಗುರುತು ಸುಲಭ: ನಡುವಿನ ಅಚ್ಚು ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಕಡೆ ಸರಿದಿರುತ್ತದೆ. ಎರಡು ಬೋಗಿಗಳು ಒಂದಕ್ಕೊಂದು ಕನ್ನಡಿ ಬಿಂಬದಂತೆ ಕೂರುತ್ತವೆ. ಬಿಚ್ಚಿ ಜೋಡಿಸುವಾಗ ಒಂದನ್ನು ತಿರುಗಿಸಿ ಹಾಕಿದರೆ ಎಂಜಿನ್ ಓಡುತ್ತದೆ, ಆದರೆ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬೋಗಿಯ ಮೊದಲ ಅಚ್ಚಿನಿಂದ ಕೊನೆಯ ಅಚ್ಚಿಗೆ 43.8 ಮಿ.ಮೀ. ಬರಬೇಕು. ಮೋಟರಿನ ಎರಡೂ ಕಡೆ ಫ್ಲೈವೀಲ್ (ಓಟ ಸಮವಾಗಿಡುವ ಭಾರದ ಚಕ್ರ) ಇರಲಿ.

ಹಳೆಯ ಚಾಸಿ ಕೊಳ್ಳುವಾಗ ನೋಡುವುದು ಎರಡು. ಸತುವಿನ ಎರಕದಲ್ಲಿ ಕೂದಲೆಳೆಯಂಥ ಬಿರುಕು, ಉಬ್ಬು, ಬಾಗು ಕಂಡರೆ ಬಿಟ್ಟುಬಿಡಿ. ಎರಕದಲ್ಲಿ ಸೀಸ ಬೆರೆತಿದ್ದರೆ ಅದು ಒಳಗಿನಿಂದಲೇ ಹಾಳಾಗುತ್ತ ಹೋಗುತ್ತದೆ, ದುರಸ್ತಿ ಇಲ್ಲ. ಎರಡನೆಯದು ಅಚ್ಚಿನ ಪ್ಲಾಸ್ಟಿಕ್ ಗೇರು. ಅಚ್ಚಿನ ಮೇಲೆ ಬಿಗಿಯಾಗಿ ಕೂತ ಗೇರು ವರ್ಷ ಕಳೆದಂತೆ ಸೀಳುತ್ತದೆ. ಸೀಳಿದ ಕಡೆ ಹಲ್ಲಿನ ಅಂತರ ಹಿಗ್ಗಿ, ಪ್ರತಿ ಸುತ್ತಿಗೊಮ್ಮೆ ಟಕ್ ಟಕ್ ಎಂದು ಜಿಗಿಯುತ್ತದೆ. ಗೇರು ಬದಲಿಸದೆ ಬೇರೆ ಉಪಾಯವಿಲ್ಲ.

ಬೋಗಿಗಳ ನಡುವಿನ ದೂರ ಎರಡು ಮೂರು ಮಿ.ಮೀ. ಹೆಚ್ಚುಕಡಿಮೆಯಿದ್ದರೆ ನಾನು ಹಾಗೇ ಬಿಡುತ್ತೇನೆ. ಅದಕ್ಕಿಂತ ಹೆಚ್ಚಿದ್ದರೆ ಎರಕವನ್ನು ಕತ್ತರಿಸಲೇಬೇಕು. ಸತುವಿನ ಎರಕಕ್ಕೆ ಬೆಸುಗೆ ಹಿಡಿಯುವುದಿಲ್ಲ, ಕಾವು ಹೆಚ್ಚಿದರೆ ಎರಕವೇ ಕುಸಿಯುತ್ತದೆ. ಕತ್ತರಿಸಿದ ಎರಡು ತುಂಡುಗಳನ್ನು 2 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿಗೆ ಎಂ2 ಸ್ಕ್ರೂ ಮತ್ತು ಎಪಾಕ್ಸಿಯಿಂದ ಕಟ್ಟಬೇಕು. ಕೈಗರಗಸದಲ್ಲಿ ಕೊಯ್ದ ಮುಖ ಎಂದೂ ಚೌಕವಾಗಿ ಬರುವುದಿಲ್ಲ. ಬೆಳಗಾವಿಯಲ್ಲಿ ಇರುವವರಿಗೆ ಇಲ್ಲೊಂದು ಅನುಕೂಲವಿದೆ: ಉದ್ಯಮಬಾಗಿನ ಮಷೀನ್ ಶಾಪ್‌ಗಳಲ್ಲಿ ಮಿಲ್ಲಿಂಗ್, ಲೇಥ್ ಎರಡೂ ಇವೆ. ಬಿಡುವಿನ ವೇಳೆ ನೋಡಿ ಕೇಳಿದರೆ ಇಂಥ ಸಣ್ಣ ಜಾಬ್ ಮಾಡಿಕೊಡುವವರು ಸಿಗುತ್ತಾರೆ. ಹೋಗುವಾಗ ಬಾಯಿಮಾತು ಸಾಲದು, ಅಳತೆ ಹಾಕಿದ ಡ್ರಾಯಿಂಗ್ ಒಯ್ಯಿರಿ, ಯಾವ ಅಳತೆಗೆ ಎಷ್ಟು ಟಾಲರೆನ್ಸ್ (ಹೆಚ್ಚುಕಡಿಮೆಯ ಮಿತಿ) ಎಂದೂ ಬರೆಯಿರಿ. ಎರಡು ಬೋಗಿಯ ತಿರುಗುಮೊಳೆಗಳು ಒಂದೇ ಗೆರೆಯಲ್ಲಿ 0.1 ಮಿ.ಮೀ. ಒಳಗೆ ಬರಬೇಕು. ಚೌಕಟ್ಟಿನ ಉದ್ದಕ್ಕೆ 0.3 ಆದರೂ ನಡೆಯುತ್ತದೆ. ಚಾಸಿ ಉದ್ದವಾದಷ್ಟು, ಮೋಟರಿನ ತಿರುಗುವಿಕೆಯನ್ನು ಬೋಗಿಗೆ ಒಯ್ಯುವ ಕಾರ್ಡನ್ ಶಾಫ್ಟೂ ಉದ್ದವಾಗಬೇಕು. ಪ್ಲಾಸ್ಟಿಕ್ ಶಾಫ್ಟನ್ನು ನಡುವೆ ಕತ್ತರಿಸಿ, ಹಿತ್ತಾಳೆ ಕೊಳವೆ ತೊಡಿಸಿ ಅಂಟಿಸುತ್ತೇನೆ. ಕೊಳವೆ ಸಡಿಲವಿದ್ದರೆ ಶಾಫ್ಟ್ ಓಲಾಡಿ, ವೇಗ ಹೆಚ್ಚಿದಾಗ ಇಡೀ ಎಂಜಿನ್ ನಡುಗುತ್ತದೆ.

ಚಕ್ರ ಬದಲಿಸುವುದಿಲ್ಲ. ಅಮೆರಿಕದ 40 ಇಂಚಿನ ಚಕ್ರ ಮಾದರಿಯಲ್ಲಿ 11.7 ಮಿ.ಮೀ. ಬರುತ್ತದೆ. ಕೊರತೆ ಒಂದು ಮಿ.ಮೀ.ಗೂ ಕಡಿಮೆ, ಬೋಗಿಯ ಪಕ್ಕದ ಚೌಕಟ್ಟಾದ ಸೈಡ್‌ಫ್ರೇಮಿನ ಹಿಂದೆ ಮುಚ್ಚಿಹೋಗುತ್ತದೆ. ಆದರೆ ಚಾಸಿ 0.4 ಮಿ.ಮೀ. ತಗ್ಗಿನಲ್ಲಿ ಕೂರುವುದರಿಂದ ಬಾಡಿಯ ಎತ್ತರವನ್ನು ಹಳಿಯ ಮೇಲಿನಿಂದಲೇ ಅಳೆಯಬೇಕು, ಚಾಸಿಯ ಮೇಲಿನಿಂದ ಅಲ್ಲ.

ಇನ್ನು ಗೇಜಿನ ಕೊರತೆ. 32.9 ಮಿ.ಮೀ. ಅಗಲದ ಬಾಡಿಯ ಕೆಳಗೆ ಅಮೆರಿಕದ ಬೋಗಿಯನ್ನು ಹಾಗೇ ಬಿಟ್ಟರೆ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಸೈಡ್‌ಫ್ರೇಮುಗಳನ್ನು ಹೊರಕ್ಕೆ ಸರಿಸುವುದೇ ಇದಕ್ಕೆ ಮದ್ದು. ಲೆಕ್ಕದ ಪ್ರಕಾರ ಪ್ರತಿ ಬದಿಗೆ 1.4 ಮಿ.ಮೀ. ಸರಿಸಬೇಕು. ಅಷ್ಟು ಬೇಡ. ಮಾದರಿಯ ಚಕ್ರಗಳ ದಪ್ಪ 2.8 ಮಿ.ಮೀ., ಸ್ಕೇಲಿಗಿಂತ ಬಹಳ ಹೆಚ್ಚು. ಅವಕ್ಕೆ ಜಾಗ ಬಿಡಲೆಂದು ತಯಾರಕರು ಸೈಡ್‌ಫ್ರೇಮನ್ನು ಮೊದಲೇ ಹೊರಗೆ ಸರಿಸಿರುತ್ತಾರೆ. ಇನ್ನೊಂದು 0.8 ಮಿ.ಮೀ. ಸೇರಿಸಿದರೆ ಸಾಕು. ಸೈಡ್‌ಫ್ರೇಮ್ ಸಿಕ್ಕಿಕೊಳ್ಳುವ ಗೂಟಗಳ ಹಿಂದೆ 0.8ರ ಸ್ಟೈರೀನ್ ತುಂಡು ಕೊಟ್ಟು, ಗೂಟದ ಬದಲು ಎಂ1.6 ಸ್ಕ್ರೂ ಹಾಕುತ್ತೇನೆ. ಬರೀ ಅಂಟಿನಿಂದ ಕೂರಿಸಿದರೆ ಗೇರು ಬಿಚ್ಚುವ ಕಾಲಕ್ಕೆ ಮುರಿಯುತ್ತದೆ. ಅಗಲವಾದ ಬೋಗಿ ತಿರುವಿನಲ್ಲಿ ಹತ್ತುವ ಮೆಟ್ಟಿಲಿನ ಒಳಮೈಗೆ ತಾಗುತ್ತದೆ, ಆದ್ದರಿಂದ ಮೆಟ್ಟಿಲಿನ ಹಿಂಭಾಗವನ್ನು ಅರದಿಂದ ತೆಳುಮಾಡಬೇಕು. ಹೊರಗಿನಿಂದ ಕಾಣುವ ಅಂಚು ಮಾತ್ರ ಪೂರ್ತಿ ಇರಲಿ. 600 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ತೊಂದರೆ ಬಾರದು. 457ರ ತಿರುವಿನಲ್ಲೂ ಓಡಬೇಕಾದರೆ 0.8ನ್ನು 0.5ಕ್ಕೆ ಇಳಿಸಿ.

ಬಾಡಿಯನ್ನು ಪೂರ್ತಿ ಹೊಸದಾಗಿಯೇ ಕಟ್ಟಬೇಕು. ಅಮೆರಿಕದ ಬಾಡಿಯನ್ನು ಕತ್ತರಿಸಿ ಜೋಡಿಸುವವರಿದ್ದಾರೆ. ಕ್ಯಾಬಿನ ಕಿಟಕಿ, ಹುಡ್ಡಿನ (ಡೀಸೆಲ್ ಯಂತ್ರವನ್ನು ಮುಚ್ಚುವ ಉದ್ದನೆಯ ಪೆಟ್ಟಿಗೆಯ) ಬಾಗಿಲುಗಳ ಸಾಲು, ರೇಡಿಯೇಟರಿನ ಜಾಗ ಯಾವುದೂ ಕೂಡಿಬಾರದೆ, ಕಡೆಗೆ ಉಳಿಯುವ ಹಳೆಯ ಪ್ಲಾಸ್ಟಿಕ್ಕು ಬೆರಳೆಣಿಕೆಯಷ್ಟು. ನಾನು ಗೋಡೆಗಳಿಗೆ 1 ಮಿ.ಮೀ., ಹೊದಿಕೆಗೆ 0.5 ಮತ್ತು ಬಾಗಿಲುಗಳಿಗೆ 0.25 ಮಿ.ಮೀ. ಸ್ಟೈರೀನ್ ಹಾಳೆ ಬಳಸುತ್ತೇನೆ. ದಪ್ಪ ಹಾಳೆ ವ್ಯಾಕ್ಯೂಮ್ ಫಾರ್ಮಿಂಗ್ ಮಾಡುವವರ ಹತ್ತಿರ ಎಚ್‌ಐಪಿಎಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಫಲಕಗಳಿಗೆ ಬಳಸುವ ಸನ್‌ಬೋರ್ಡ್ ಬೇರೆ ವಸ್ತು, ನೊರೆಯಂಥ ಪಿವಿಸಿ. ಅದರ ಕೊಯ್ದ ಅಂಚು ನುಣುಪಾಗುವುದೇ ಇಲ್ಲ.

ಹಾಳೆಗಳನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಿಂದ ಬೆಸೆಯಬೇಕು, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕೂತು. ಎರಡು ಅಗಲವಾದ ಹಾಳೆಗಳನ್ನು ಒಂದರ ಮೇಲೊಂದು ಕೂಡಿಸುವಾಗ ಒಳಗಿನ ಹಾಳೆಗೆ 15 ಮಿ.ಮೀ.ಗೊಂದರಂತೆ 2 ಮಿ.ಮೀ. ತೂತು ಕೊರೆಯಿರಿ. ತೂತಿಲ್ಲದಿದ್ದರೆ ದ್ರಾವಕ ಒಳಗೇ ಸಿಕ್ಕಿಬಿದ್ದು ವಾರಗಟ್ಟಲೆ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ಬಣ್ಣ ಹಚ್ಚಿ ಮುಗಿಸಿದ ಮೇಲೆ ಗೋಡೆ ಬಾಗುತ್ತದೆ. ಲಾಂಗ್ ಹುಡ್ಡನ್ನು ಮೊದಲು ಒಳಗೆ ಅಡ್ಡಗೋಡೆಗಳಿರುವ ಪೆಟ್ಟಿಗೆಯಾಗಿ ಕಟ್ಟುತ್ತೇನೆ. ಅಡ್ಡಗೋಡೆಗಳ ನಡುವೆ 30 ಮಿ.ಮೀ.ಗಿಂತ ಹೆಚ್ಚು ಬಿಡುವುದಿಲ್ಲ. ಮೇಲಿನ ಎರಡು ಉದ್ದಂಚುಗಳ ಒಳಗೆ 3 ಮಿ.ಮೀ. ಚೌಕದ ಕಡ್ಡಿ ಕೂರಿಸಿ ಎರಡು ದಿನ ಒಣಗಲು ಬಿಟ್ಟು, ಆಮೇಲೆ ಅಂಚನ್ನು ದುಂಡಾಗಿಸಬೇಕು. ಕಡ್ಡಿ ಇಲ್ಲದೆ ಉಜ್ಜಿದರೆ ಮೂಲೆ ತೂತಾಗುತ್ತದೆ. ಎದುರಿನಿಂದ ತೆಗೆದ ಫೋಟೋ ನೋಡಿ ದುಂಡಿನ ಅಚ್ಚನ್ನು ತಗಡಿನಲ್ಲಿ ಕತ್ತರಿಸಿಟ್ಟುಕೊಂಡು ಪ್ರತಿ 20 ಮಿ.ಮೀ.ಗೆ ಹಿಡಿದು ನೋಡುತ್ತಿರಿ. ಈ ಎಂಜಿನ್ನಿನ ಮುಖಚರ್ಯೆ ಇರುವುದೇ ಈ ದುಂಡಿನಲ್ಲಿ. ಬಾಗಿಲಿನ ಹಿಡಿಕೆ ಒಂದೆರಡು ಕಡಿಮೆಯಾದರೆ ಯಾರೂ ಎಣಿಸುವುದಿಲ್ಲ, ಹುಡ್ಡಿನ ಹೆಗಲು ಕೆಟ್ಟರೆ ಆರಡಿ ದೂರದಿಂದಲೇ ಕಾಣುತ್ತದೆ.

ಹಾರ್ನ್, ಹೆಡ್‌ಲೈಟ್ ಪೆಟ್ಟಿಗೆ, ಫ್ಯಾನಿನ ರೆಕ್ಕೆಗಳಂಥ ಬಿಡಿಭಾಗಗಳನ್ನು ರೆಸಿನ್ ಪ್ರಿಂಟರಿನಲ್ಲಿ 0.05 ಮಿ.ಮೀ. ಪದರದಲ್ಲಿ ತೆಗೆಯುವುದು ಛಲೋ. ಇಡೀ ಹುಡ್ಡನ್ನೇ ಪ್ರಿಂಟ್ ಮಾಡುವುದು ನನಗೆ ಒಪ್ಪಿಗೆಯಿಲ್ಲ: ಉದ್ದನೆಯ ತೆಳುಗೋಡೆ ಗಟ್ಟಿಯಾಗುವಾಗ ಕುಗ್ಗಿ ಬಿಲ್ಲಿನಂತೆ ಬಾಗುತ್ತದೆ. ಫ್ಯಾನಿನ ಮೇಲಿನ ಜಾಲರಿಗೆ ಸ್ಕ್ರೀನ್ ಪ್ರಿಂಟಿಂಗ್‌ನವರು ಎಸೆಯುವ ಬಟ್ಟೆಯ ತುಂಡು ಹೊಂದುತ್ತದೆ. ಕೈಹಿಡಿ ಕಂಬಿಗಳಿಗೆ 0.4 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ ಬೇಕು. ಹಿತ್ತಾಳೆ ತಂತಿ ಒಮ್ಮೆ ಕೈ ತಾಗಿದರೆ ಡೊಂಕಾಗಿಯೇ ಉಳಿಯುತ್ತದೆ, ಫಾಸ್ಫರ್ ಬ್ರಾಂಜ್ ಪುಟಿದು ನೇರವಾಗುತ್ತದೆ. 4/0 ಗರಗಸದ ಅಲಗು, ಸಣ್ಣ ಅರ, ಕೈ ಡ್ರಿಲ್ಲು ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ.

ಬಫರ್ ತಲೆಗಳು ಯುರೋಪಿನ ಮಾದರಿಯವು ಆಗುತ್ತವೆ, ಅಂತರ ಮಾತ್ರ ನಮ್ಮದು: ಅಲ್ಲಿ 1,750 ಮಿ.ಮೀ., ಇಲ್ಲಿ 1,956. ಮಾದರಿಯಲ್ಲಿ 22.5 ಮಿ.ಮೀ. ಹಳಿಯಿಂದ ಬಫರಿನ ನಡುವಿಗೆ ಎತ್ತರ ಗರಿಷ್ಠ 1,105, ಕನಿಷ್ಠ 1,030, ಅಂದರೆ 12.7ರಿಂದ 11.8ರ ನಡುವೆ. 12.4 ಇಟ್ಟರೆ ಕೋಚ್, ವ್ಯಾಗನ್ ಎರಡಕ್ಕೂ ಹೊಂದುತ್ತದೆ.

ತೂಕದ ವಿಷಯಕ್ಕೆ ಬರೋಣ. ಲೋಹದ ಚಕ್ರದ ಎಂಜಿನ್ ತನ್ನ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಎಳೆಯುತ್ತದೆ. 400 ಗ್ರಾಂ ಎಂಜಿನ್ನಿನ ಎಳೆತ 80ರಿಂದ 100 ಗ್ರಾಂ. ಕ್ಯಾಸಲ್‌ರಾಕಿನಿಂದ ಕೆಳಗಿಳಿಯುವ ಬ್ರಗಾಂಝಾ ಘಾಟಿನ ಏರು 37ಕ್ಕೆ 1. ಮಾದರಿ ಹಳಿಯ ಲೇಔಟಿನಲ್ಲಿ ಅದೇ ಏರು ಇಟ್ಟು, 130 ಗ್ರಾಮಿನ ಹತ್ತು ಕೋಚ್ ಕಟ್ಟಿದರೆ ಏರಿಗೇ (1,300 + 400) ÷ 37, ಅಂದರೆ 46 ಗ್ರಾಂ ಬೇಕು. ಚಕ್ರಗಳ ಉರುಳು ತಡೆಗೆ ಕೋಚ್‌ಗಳ ತೂಕದ ಶೇ. 2.5 ಹಿಡಿದರೆ ಇನ್ನೂ 32. ಒಟ್ಟು 78 ಗ್ರಾಂ, ಎಂಜಿನ್ನಿನ ತ್ರಾಣದ ಅಂಚಿಗೆ ಬಂತು. 350 ಗ್ರಾಮಿಗೆ ಇಳಿಸಿದರೆ ಚಕ್ರ ಜಾರತೊಡಗುತ್ತದೆ. ನಿಜದ ಘಾಟಿನಲ್ಲೂ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಕಟ್ಟುವುದು ಇದೇ ಲೆಕ್ಕದಿಂದ.

ತೂಕಕ್ಕೆ ಸೀಸದ ತಗಡು. 40 × 15 × 5 ಮಿ.ಮೀ. ತುಂಡು ಸುಮಾರು 34 ಗ್ರಾಂ ತೂಗುತ್ತದೆ. ಸೀಸವನ್ನು ಮರಕ್ಕೆ ಹಚ್ಚುವ ಬಿಳಿ ಅಂಟಿನಿಂದ ಎಂದೂ ಅಂಟಿಸಬೇಡಿ. ಆ ಅಂಟಿನ ಆಮ್ಲ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಪುಡಿ ಉಬ್ಬಿ ಬಾಡಿಯ ಗೋಡೆಯನ್ನೇ ಸೀಳುತ್ತದೆ. ಎಪಾಕ್ಸಿ ಬಳಸಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಇಡೀ ಎಂಜಿನ್ನನ್ನು ಒಂದು ಕಡ್ಡಿಯ ಮೇಲೆ ತೂಗಿ ನೋಡಿದಾಗ ಸಮತೋಲದ ಬಿಂದು ಎರಡು ಬೋಗಿಗಳ ನಡುಮಧ್ಯಕ್ಕೆ ಬರಬೇಕು. ಸ್ಪೀಕರನ್ನು ರೇಡಿಯೇಟರಿನ ಕಡೆ ಇಡುವವರು ಇದನ್ನು ಸ್ಪೀಕರ್ ಕೂರಿಸಿದ ಮೇಲೆ ಮಾಡಬೇಕು.

ವೈರಿಂಗಿನಲ್ಲಿ ಮುಖ್ಯ ಮಾತು ಒಂದೇ: ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆಯಂತೆ ಎಂಜಿನ್ ನಡೆಸುವ ಸಣ್ಣ ಸರ್ಕೀಟು) ಹಾಕುವ ಮೊದಲು ಮೋಟರಿನ ಎರಡೂ ಬ್ರಷ್‌ಗಳಿಗೂ ಚಾಸಿಗೂ ಸಂಪರ್ಕವಿಲ್ಲ ಎಂದು ಮಲ್ಟಿಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಹಳೆಯ ಚಾಸಿಗಳಲ್ಲಿ ಒಂದು ಬ್ರಷ್ ಎರಕಕ್ಕೇ ತಾಗಿರುತ್ತದೆ. ಹಾಗೇ ಡಿಕೋಡರ್ ಹಾಕಿದರೆ ಕರೆಂಟು ಕೊಟ್ಟ ಕ್ಷಣದಲ್ಲೇ ಸುಡುತ್ತದೆ. ಕೆಂಪು, ಕಪ್ಪು ತಂತಿ ಹಳಿಗೆ, ಕಿತ್ತಳೆ, ಬೂದು ಮೋಟರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ದೀಪಗಳ ಸಾಮಾನ್ಯ ಧನ ತಂತಿ. ಎಲ್‌ಇಡಿಗೆ 1 ಕಿಲೊ ಓಮ್ ರೆಸಿಸ್ಟರ್ ಹಾಕಿದರೆ 12 ವೋಲ್ಟಿನಲ್ಲಿ 9 ಮಿಲಿಆಂಪಿಯರ್ ಹರಿಯುತ್ತದೆ, ಅಷ್ಟು ಬೆಳಕು ಸಾಕು. ಕರೆಂಟನ್ನು 12 ಚಕ್ರಗಳಿಂದಲೂ ತೆಗೆದುಕೊಳ್ಳಿ. ಧ್ವನಿಗೆ ಈ ಎಂಜಿನ್ನಿನ ಡೀಸೆಲ್ ಯಂತ್ರವಾದ ಆಲ್ಕೊ 251ರ ಫೈಲು ಆರಿಸಿ, ಎಂಟು ನಾಚ್‌ಗಳು (ಥ್ರಾಟಲಿನ ಹಂತಗಳು) ಇರಲಿ. ನಿಜದ ಎಂಜಿನ್ ಐಡಲ್‌ನಲ್ಲಿ ನಿಮಿಷಕ್ಕೆ 400, ಎಂಟನೇ ನಾಚಿನಲ್ಲಿ 1,000 ಸುತ್ತು ತಿರುಗುತ್ತದೆ.

ಬಣ್ಣಕ್ಕೆ ಬೆಳಗಾವಿಯ ಮಳೆಗಾಲ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರಿನ ಬಣ್ಣ ಸಿಂಪಡಿಸಿದರೆ ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂದಿ ಹಿಡಿದಂತೆ ಬಿಳುಪಾಗುತ್ತದೆ. ಆ ತಿಂಗಳುಗಳಲ್ಲಿ ನಾನು ಬಾಡಿ ಕಟ್ಟುವ ಕೆಲಸ ಮಾತ್ರ ಮಾಡುತ್ತೇನೆ. ಬಣ್ಣ ದೀಪಾವಳಿ ಆದ ಮೇಲೆ. ಅವಸರವಿದ್ದವರು ನೀರಿನ ಅಕ್ರಿಲಿಕ್ ಬಳಸಿ, ಕಂಪ್ರೆಸರಿನ ನೀರು ಹಿಡಿಯುವ ಬಟ್ಟಲನ್ನು ಆಗಾಗ ಖಾಲಿ ಮಾಡಿ. ಕಾರಿನ ಪ್ರೈಮರ್ ಅಗ್ಗ, ಆದರೆ ಅದರ ಥಿನ್ನರ್ ಸ್ಟೈರೀನನ್ನು ಕರಗಿಸುತ್ತದೆ. ಮೊದಲ ಎರಡು ಪದರ ಇಬ್ಬನಿಯಷ್ಟು ತೆಳುವಾಗಿರಲಿ. ಏರ್‌ಬ್ರಷ್‌ಗೆ 0.3 ಮಿ.ಮೀ. ನಾಝಲ್, 15ರಿಂದ 18 ಪಿಎಸ್‌ಐ ಒತ್ತಡ. ಕೆಂಪು, ಕೆನೆ ಬಣ್ಣದ ಎಂಜಿನ್ನಿಗೆ ಮೊದಲು ಕೆನೆ, ಅದು ಪೂರ್ತಿ ಒಣಗಿದ ಮೇಲೆ ಟೇಪು, ಟೇಪಿನ ಅಂಚಿಗೆ ಒಂದು ಪದರ ಬಣ್ಣವಿಲ್ಲದ ವಾರ್ನಿಷ್, ಆಮೇಲೆ ಕೆಂಪು. ವಾರ್ನಿಷ್ ಹಚ್ಚಿದರೆ ಕೆಂಪು ಟೇಪಿನ ಕೆಳಗೆ ನುಸುಳುವುದಿಲ್ಲ.

ಅಕ್ಷರಗಳಲ್ಲಿ ಒಂದು ತೊಡಕಿದೆ. ಸಾದಾ ಲೇಸರ್ ಪ್ರಿಂಟರ್ ಬಿಳಿ ಮುದ್ರಿಸುವುದಿಲ್ಲ. ಬಿಳಿ ಟೋನರ್ ಇರುವ ಪ್ರೆಸ್ ಸಿಗದಿದ್ದರೆ ಬಿಳಿ ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ) ಹಾಳೆಯ ಮೇಲೆ ಅಕ್ಷರದ ಸುತ್ತ ಬಾಡಿಯ ಕೆಂಪನ್ನೇ ಮುದ್ರಿಸಿ, ಅಂಚನ್ನು ಬ್ರಷ್ಷಿನಿಂದ ಕೂಡಿಸಬೇಕಾಗುತ್ತದೆ. ಕಿಟಕಿಯ ಗಾಜಿಗೆ ಸೂಪರ್ ಗ್ಲೂ ಬೇಡ, ಅದರ ಹಬೆ ಗಾಜನ್ನು ಮಂಜು ಮಾಡುತ್ತದೆ. ಇಲ್ಲಿ ಬಿಳಿ ಅಂಟೇ ಸರಿ.

ಧೂಳಿನ ಬಣ್ಣ ಎಂಜಿನ್ ಓಡುವ ದಾರಿಗೆ ತಕ್ಕಂತಿರಲಿ. ಖಾನಾಪುರ, ಲೋಂಡಾ ಕಡೆ ಓಡಿದ ಬೋಗಿಗೆ ಜಂಬಿಟ್ಟಿಗೆಯ ಕೆಂಪು ಹತ್ತುತ್ತದೆ, ಬಾಗಲಕೋಟೆ, ವಿಜಯಪುರದ ಎರೆನೆಲದಲ್ಲಿ ಬೂದುಗಪ್ಪು. ಎರಡನ್ನೂ ಬೆರೆಸಿದರೆ ಎಲ್ಲಿಯದೂ ಅಲ್ಲದ ಕಂದು ಬರುತ್ತದೆ. ಹೊಗೆಕೊಳವೆಯ ಸುತ್ತ ಹುಡ್ಡಿನ ಮೇಲೆ ಮಸಿ ಇರಲೇಬೇಕು, ಆಲ್ಕೊ ಎಂಜಿನ್ ಮಸಿಯಿಲ್ಲದೆ ಇರುವುದಿಲ್ಲ. ಪುಡಿಬಣ್ಣ ಹಚ್ಚುವಾಗ ಬೋಗಿಯಿಂದ ಗೇರ್ ಪೆಟ್ಟಿಗೆಯನ್ನು ಬಿಚ್ಚಿ ಬೇರೆ ಇಡಿ. ಗ್ರೀಸಿಗೆ ಆ ಪುಡಿ ಸೇರಿದರೆ ಗೇರಿನ ಹಲ್ಲು ಸವೆಯುತ್ತದೆ. ವಾರ್ನಿಷ್ ಹೊಡೆದು ಮುಗಿಸಿ, ಚಕ್ರದ ಹಳಿ ತಾಗುವ ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸನ್ನು ವರ್ಮ್‌ಗೆ (ಗೇರನ್ನು ತಿರುಗಿಸುವ, ಸ್ಕ್ರೂ ಆಕಾರದ ಭಾಗಕ್ಕೆ) ಸಾಸಿವೆ ಕಾಳಿನಷ್ಟು ಹಚ್ಚಿ, ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಖಾಲಿ ಓಡಿಸಿದ ಮೇಲೆ ಕೋಚ್‌ಗಳನ್ನು ಕಟ್ಟಬಹುದು.